ಉಣ್ಣೆ ಮತ್ತು ಕ್ಯಾಶ್ಮೀರ್ ಉಡುಪುಗಳ ಒಗೆತ

ಉಣ್ಣೆಯ ಬಟ್ಟೆ ಕೊಳೆಯಿಂದ ಹಾಳಾಗುವುದಕ್ಕಿಂತ ಒಗೆತದಿಂದ ಹಾಳಾಗುವುದೇ ಹೆಚ್ಚು. ಹತ್ತಿಯ ಬಟ್ಟೆಯನ್ನು ಬಿಸಿನೀರಿನಲ್ಲಿ ನೆನೆಹಾಕಿ, ಸೋಪಿನ ಪುಡಿಯ ನೊರೆಯಲ್ಲಿ ತಿಕ್ಕಿ, ಕಲ್ಲಿನ ಮೇಲೆ ಕುಕ್ಕಿ, ಬಲವಾಗಿ ಹಿಂಡಿ, ಬಿಸಿಲಿನ ಹಗ್ಗಕ್ಕೆ ಹಾಕುವ ಕ್ರಮ ಕನ್ನಡ ನಾಡಿನ ಮನೆಗಳಲ್ಲಿ ತಲೆಮಾರುಗಳಿಂದ ನಡೆದುಬಂದಿದ್ದು, ಹತ್ತಿಗೆ ಒಳಿತು ಮಾಡುವ ಈ ಕ್ರಿಯೆಗಳಲ್ಲಿ ಒಂದೊಂದೂ ಸ್ವೆಟರಿಗೆ ಅಥವಾ ಶಾಲಿಗೆ ಬೇರೆಬೇರೆ ಬಗೆಯ ಪೆಟ್ಟು ಕೊಡುತ್ತದೆ. ಹಾಗೆಂದು ಉಣ್ಣೆಯ ಉಡುಪನ್ನು ಪ್ರತಿ ಸಲವೂ ಡ್ರೈ ಕ್ಲೀನಿಂಗ್ ಅಂಗಡಿಗೆ ಕೊಟ್ಟು ಹಣ ತೆರಬೇಕಾಗಿಯೂ ಇಲ್ಲ. ಉಣ್ಣೆಯೆಂಬುದು ಪ್ರಾಣಿಯ ಮೈಗೂದಲು ಎಂಬ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡು, ಕೂದಲಿಗೆ ಒಗ್ಗದಿರುವುದು ಉಣ್ಣೆಗೂ ಒಗ್ಗದೆಂದು ತಿಳಿದವರು ಸಾಮಾನ್ಯ ಬಕೆಟ್ಟಿನಲ್ಲಿಯೇ ಬಹುಪಾಲು ಉಡುಪುಗಳನ್ನು ಯಾವ ಅಪಾಯವೂ ಇಲ್ಲದಂತೆ ಒಗೆಯಬಹುದು.

ಉಣ್ಣೆಯ ಎಳೆ ಕೆರಾಟಿನ್ ಎಂಬ ಪ್ರೋಟೀನಿನಿಂದ ಆದುದು. ಮನುಷ್ಯನ ತಲೆಗೂದಲು, ಉಗುರು, ದನದ ಕೊಂಬು ಮತ್ತು ಗೊರಸುಗಳಲ್ಲಿರುವುದೂ ಇದೇ ಬಗೆಯ ಪ್ರೋಟೀನು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎಳೆಯ ಹೊರಮೈ ಮಾಡಿನ ಹಂಚುಗಳಂತೆ ಒಂದರ ಮೇಲೊಂದು ಅರ್ಧಕ್ಕರ್ಧ ಹೊದ್ದುಕೊಂಡ ಪರೆಗಳಿಂದ ಮುಚ್ಚಿರುವುದು ಕಾಣುತ್ತದೆ. ಈ ಪರೆಗಳ ಅಂಚುಗಳೆಲ್ಲ ಎಳೆಯ ತುದಿಯ ಕಡೆಗೆ ಮುಖಮಾಡಿರುವುದರಿಂದ, ಬುಡದಿಂದ ತುದಿಗೆ ಸವರಿದಾಗ ನುಣುಪಾಗಿರುವ ಎಳೆ ತುದಿಯಿಂದ ಬುಡಕ್ಕೆ ಸವರಿದಾಗ ತೊಡರುತ್ತದೆ. ನೀರು, ಅದರಲ್ಲಿಯೂ ಬಿಸಿನೀರು ಮತ್ತು ಕ್ಷಾರ, ಎಳೆಯನ್ನು ಉಬ್ಬಿಸಿ ಪರೆಗಳ ಅಂಚನ್ನು ಎತ್ತುತ್ತದೆ. ಆ ಸ್ಥಿತಿಯಲ್ಲಿ ಬಟ್ಟೆಯನ್ನು ತಿಕ್ಕಿದರೆ ಎಳೆಗಳು ತಮ್ಮ ಬುಡದ ದಿಕ್ಕಿಗೆ ಸರಿಯಬಲ್ಲವೇ ಹೊರತು ಹಿಂದಕ್ಕೆ ಮರಳಲಾರವು. ಪ್ರತಿ ತಿಕ್ಕಿಗೂ ಅವು ಇನ್ನಷ್ಟು ಸರಿದು, ಒಂದರಲ್ಲೊಂದು ಸಿಕ್ಕಿಕೊಂಡು, ಬಟ್ಟೆ ದಪ್ಪವಾಗುತ್ತ ಕಿರಿದಾಗುತ್ತದೆ. ಈ ಕ್ರಿಯೆಗೆ ಫೆಲ್ಟಿಂಗ್ ಎಂದು ಹೆಸರು. ದೊಡ್ಡವರ ಸ್ವೆಟರು ಒಂದೇ ಒಗೆತದಲ್ಲಿ ಮಕ್ಕಳ ಅಳತೆಗೆ ಇಳಿಯುವುದು ಇದರಿಂದ. ಹೆಣಿಗೆಯ ಸಮಯದಲ್ಲಿ ಎಳೆದು ಹಿಡಿದಿದ್ದ ನೂಲು ಮೊದಲ ಸಲ ನೀರು ಕಂಡಾಗ ಸಡಿಲಗೊಂಡು ತನ್ನ ಸಹಜ ಉದ್ದಕ್ಕೆ ಮರಳುವುದು ಬೇರೆಯೇ ಬಗೆಯ ಕುಗ್ಗುವಿಕೆ. ಅದು ಅಲ್ಪ ಪ್ರಮಾಣದ್ದು, ಒದ್ದೆಯಿದ್ದಾಗಲೇ ಎಳೆದು ಸರಿಪಡಿಸಬಹುದಾದದ್ದು.

ಫೆಲ್ಟಿಂಗ್ ತನ್ನಷ್ಟಕ್ಕೆ ದೋಷವೇನೂ ಅಲ್ಲ ಎಂಬುದನ್ನು ಕರ್ನಾಟಕದ ಓದುಗರಿಗೆ ಕಂಬಳಿಯೇ ತೋರಿಸಿಕೊಡುತ್ತದೆ. ಚಳ್ಳಕೆರೆಯಂಥ ಬಯಲುಸೀಮೆಯ ಊರುಗಳಲ್ಲಿ ದಖನಿ ತಳಿಯ ಕುರಿಗಳ ಒರಟು ಉಣ್ಣೆಯನ್ನು ನೂತು, ಹಾಸಿನ ನೂಲಿಗೆ ಹುಣಸೆಬೀಜದ ಗಂಜಿ ಹಚ್ಚಿ, ಕುಣಿಮಗ್ಗದಲ್ಲಿ ನೇಯುವ ಕರಿಕಂಬಳಿ ಬಳಕೆಯಲ್ಲಿ ಒತ್ತೊತ್ತಾಗಿ ಬಿಗಿದುಕೊಳ್ಳುತ್ತ ಹೋಗುತ್ತದೆ. ಎಳೆಗಳ ನಡುವಿನ ಈ ಬಿಗಿತವೂ ಉಣ್ಣೆಯಲ್ಲಿ ಉಳಿದ ಸಹಜ ಜಿಡ್ಡೂ ಸೇರಿಯೇ ಮಲೆನಾಡಿನ ಮಳೆಯಲ್ಲಿ ಕೊಪ್ಪೆ ಹಾಕಿಕೊಂಡು ಗದ್ದೆಗಿಳಿಯುವವರ ಮೈಗೆ ನೀರು ಸುಲಭವಾಗಿ ತಾಗದಂತೆ ನೋಡಿಕೊಳ್ಳುತ್ತವೆ. ಹೊಸ ಕಂಬಳಿ ಗಂಜಿಯಿಂದಾಗಿ ಸೆಟೆದುಕೊಂಡಿದ್ದು, ತಣ್ಣೀರಿನಲ್ಲಿ ಒಂದೆರಡು ಬಾರಿ ಅದ್ದಿ ಒಣಗಿಸಿದ ಮೇಲೆ ಮೆತ್ತಗಾಗುತ್ತದೆ. ಕಂಬಳಿ ತಡೆದುಕೊಳ್ಳುವ ಪೆಟ್ಟನ್ನು ಮೆರಿನೋ ಸ್ವೆಟರು ತಡೆದುಕೊಳ್ಳಲಾರದು. ಕ್ಯಾಶ್ಮೀರಿನ ಮಾತಂತೂ ದೂರ.

ಕ್ಯಾಶ್ಮೀರ್ ಕುರಿಯ ಉಣ್ಣೆಯಲ್ಲ, ಮೇಕೆಯ ಒಳಗೂದಲು. ಎತ್ತರದ ಶೀತಪ್ರದೇಶಗಳ ಮೇಕೆಗಳಿಗೆ ಒರಟಾದ ಹೊರಗೂದಲಿನ ಅಡಿಯಲ್ಲಿ ಚಳಿಗಾಲಕ್ಕೆ ಬೆಳೆಯುವ ಈ ನಯವಾದ ಕೂದಲನ್ನು, ಚಳಿ ಕಳೆದು ಅದು ತಾನಾಗಿ ಸಡಿಲವಾಗುವ ಕಾಲದಲ್ಲಿ ಬಾಚಿ ತೆಗೆಯುತ್ತಾರೆ. ಜಗತ್ತಿನ ಬಹುಪಾಲು ಕ್ಯಾಶ್ಮೀರ್ ಚೀನಾ ಮತ್ತು ಮಂಗೋಲಿಯಾಗಳಿಂದ ಬರುತ್ತದೆ. ಭಾರತದಲ್ಲಿ ಇದರ ನೆಲೆ ಲಡಾಖಿನ ಚಾಂಗ್‌ಥಾಂಗ್ ಪ್ರಸ್ಥಭೂಮಿ, ಅಲ್ಲಿಯ ಕೂದಲು ಕಾಶ್ಮೀರದ ಕಣಿವೆಗೆ ಬಂದು ಪಶ್ಮೀನಾ ಶಾಲಾಗುತ್ತದೆ. ಎಳೆಯ ದಪ್ಪವನ್ನು ಮಿಲಿಮೀಟರಿನ ಸಾವಿರದಲ್ಲೊಂದು ಭಾಗವಾದ ಮೈಕ್ರಾನಿನಲ್ಲಿ ಅಳೆಯುವುದು ವಾಡಿಕೆ. ಅಮೆರಿಕದ ಕಾನೂನಿನ ಪ್ರಕಾರ ಸರಾಸರಿ 19 ಮೈಕ್ರಾನನ್ನು ಮೀರಿದ ಎಳೆಯನ್ನು ಕ್ಯಾಶ್ಮೀರ್ ಎಂದು ಕರೆಯುವಂತಿಲ್ಲ. 2008ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಕಾಶ್ಮೀರ್ ಪಶ್ಮೀನಾಕ್ಕೆ ಈ ಮಿತಿ 16 ಮೈಕ್ರಾನು, ಜೊತೆಗೆ ಅದು ಕೈಯಲ್ಲಿ ನೂತು ಕೈಮಗ್ಗದಲ್ಲಿ ನೇಯ್ದದ್ದಾಗಿರಬೇಕು. ಇಷ್ಟು ಸಪುರವೂ ಗಿಡ್ಡವೂ ಆದ ಎಳೆಗಳ ನೂಲು ಮೃದುವಾಗಿರುವಂತೆಯೇ ದುರ್ಬಲವೂ ಆಗಿರುತ್ತದೆ. ಪ್ರವಾಸಿ ತಾಣಗಳಲ್ಲಿ ಕೆಲವು ನೂರು ರೂಪಾಯಿಗೆ ಪಶ್ಮೀನಾ ಎಂದು ಮಾರುವ ಶಾಲುಗಳು ಸಾಮಾನ್ಯವಾಗಿ ವಿಸ್ಕೋಸ್ ಅಥವಾ ಅಕ್ರಿಲಿಕ್ ಆಗಿರುವುದರಿಂದ, ಅವುಗಳ ವಿಷಯದಲ್ಲಿ ಈ ಲೇಖನದ ಎಚ್ಚರಿಕೆಗಳಲ್ಲಿ ಹೆಚ್ಚಿನವು ಅನವಶ್ಯಕ.

ಆದ್ದರಿಂದ ನೀರಿಗೆ ಹಾಕುವ ಮೊದಲು ಉಡುಪು ಯಾವುದರದ್ದೆಂದು ತಿಳಿಯುವುದು ಮೊದಲ ಕೆಲಸ. ಚಳಿಗಾಲದಲ್ಲಿ ಕರ್ನಾಟಕದ ಪೇಟೆಗಳ ರಸ್ತೆಬದಿಯಲ್ಲಿ ಟಿಬೆಟನ್ ವ್ಯಾಪಾರಿಗಳು ಮಾರುವ, ಬಹುತೇಕ ಲುಧಿಯಾನದಿಂದ ಬರುವ ಸ್ವೆಟರುಗಳಲ್ಲಿ ಅಪ್ಪಟ ಉಣ್ಣೆಯವು ಕೆಲವು, ಅಕ್ರಿಲಿಕ್ ಅಥವಾ ಬೆರಕೆಯವು ಹಲವು. ಉಡುಪಿನ ಒಳಗೆ ಹೊಲಿದ ಚೀಟಿ ಇಲ್ಲದಿದ್ದರೆ ಒಳಹೊಲಿಗೆಯ ಬಳಿಯಿಂದ ಒಂದು ಸಣ್ಣ ಎಳೆ ಕಿತ್ತು, ಚಿಮುಟದಲ್ಲಿ ಹಿಡಿದು ಉರಿ ತಾಗಿಸಿ ನೋಡಬಹುದು: ಉಣ್ಣೆ ನಿಧಾನವಾಗಿ ಸುಟ್ಟು, ಉರಿಯಿಂದ ದೂರ ಸರಿಸಿದೊಡನೆ ಆರಿ, ಸುಟ್ಟ ಕೂದಲಿನ ವಾಸನೆ ಬೀರಿ, ಬೆರಳಲ್ಲಿ ಪುಡಿಯಾಗುವ ಬೂದಿ ಬಿಡುತ್ತದೆ, ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ. ಚೀಟಿಯಿದ್ದರೆ ಅದರ ಚಿಹ್ನೆಗಳನ್ನು ಓದಬೇಕು. ನೀರಿನ ತೊಟ್ಟಿಯ ಚಿತ್ರದೊಳಗೆ ಕೈ ಇದ್ದರೆ ಕೈಯಲ್ಲಿ ಮಾತ್ರ ಒಗೆಯಬೇಕೆಂದೂ, 30 ಎಂಬ ಅಂಕೆಯಿದ್ದು ಕೆಳಗೆ ಎರಡು ಗೆರೆಗಳಿದ್ದರೆ ಯಂತ್ರದಲ್ಲಿ ಅತಿ ಮೃದುವಾದ ಕ್ರಮದಲ್ಲಿ ಒಗೆಯಬಹುದೆಂದೂ, ತೊಟ್ಟಿಯ ಮೇಲೆ ಕತ್ತರಿಯಾಕಾರದ ಅಡ್ಡಗುರುತಿದ್ದರೆ ನೀರು ತಾಗಿಸಬಾರದೆಂದೂ ಅರ್ಥ. ಚೌಕದೊಳಗಿನ ಅಡ್ಡಗೆರೆ ಹರಡಿ ಒಣಗಿಸಲು ಹೇಳಿದರೆ, ಒಳಗೆ ಅಕ್ಷರವಿರುವ ವೃತ್ತ ಡ್ರೈ ಕ್ಲೀನಿಂಗಿನವನಿಗೆ ಉದ್ದೇಶಿಸಿದ್ದು.

ಆ ವೃತ್ತವಿದ್ದ ಮಾತ್ರಕ್ಕೆ ನೀರಿನ ಒಗೆತ ನಿಷಿದ್ಧವೆಂದು ತಿಳಿಯಬೇಕಾಗಿಲ್ಲ. ಡ್ರೈ ಕ್ಲೀನಿಂಗಿನಲ್ಲಿ ನೀರಿನ ಬದಲು ಪರ್ಕ್ಲೋರೋಎಥಿಲೀನಿನಂಥ ದ್ರಾವಕವನ್ನು ಬಳಸುವುದರಿಂದ ಎಣ್ಣೆ ಜಿಡ್ಡು ಚೆನ್ನಾಗಿ ಬಿಡುತ್ತದೆ; ಆದರೆ ಬೆವರಿನ ಉಪ್ಪು ನೀರಿನಲ್ಲಿ ಕರಗುವಂಥದ್ದಾದುದರಿಂದ ದ್ರಾವಕಕ್ಕೆ ಅದು ಅಷ್ಟಾಗಿ ಬಿಡದು. ಸಾದಾ ಹೆಣಿಗೆಯ ಸ್ವೆಟರಿಗೆ ನೀರಿನ ಒಗೆತವೇ ಮೇಲು ಎನ್ನಲು ಇದು ಸಾಕಾದ ಕಾರಣ. ಅಸ್ತರಿಯಿರುವ ಕೋಟು, ಸೂಟು, ಭುಜಕ್ಕೆ ಒಳಪಟ್ಟಿ ಕೊಟ್ಟ ಉಡುಪುಗಳು, ಬಣ್ಣಬಣ್ಣದ ಸೋಜ್ನಿ ಕಸೂತಿಯ ಶಾಲುಗಳು ಮತ್ತು ಹಳೆಯ ಕಾನಿ ನೇಯ್ಗೆಯ ಶಾಲುಗಳನ್ನು ಮಾತ್ರ ಅನುಭವಿ ಡ್ರೈ ಕ್ಲೀನಿಂಗಿನವರಿಗೇ ಬಿಡುವುದು ಲೇಸು; ಅವುಗಳಲ್ಲಿ ಬಣ್ಣ ಹರಿಯುವ ಇಲ್ಲವೇ ಒಳಪದರ ಒಂದು ಪ್ರಮಾಣದಲ್ಲಿ, ಹೊರಪದರ ಇನ್ನೊಂದು ಪ್ರಮಾಣದಲ್ಲಿ ಕುಗ್ಗುವ ಅಪಾಯವಿದೆ.

ಒಗೆತಕ್ಕಿಂತ ಮೊದಲು ಒಗೆಯಬೇಕೇ ಎಂಬ ಪ್ರಶ್ನೆ ಕೇಳಿಕೊಳ್ಳಬೇಕು. ಉಣ್ಣೆಯು ತನ್ನ ತೂಕದ ಸುಮಾರು ಮೂರನೆಯ ಒಂದು ಭಾಗದಷ್ಟು ತೇವವನ್ನು ಆವಿಯ ರೂಪದಲ್ಲಿ ಹೀರಿಕೊಂಡೂ ಮುಟ್ಟಿದರೆ ಒದ್ದೆಯೆನಿಸದು, ಗಾಳಿಗೆ ಹಾಕಿದರೆ ಆ ತೇವವನ್ನು ಬಿಟ್ಟುಕೊಡುತ್ತದೆ. ಆದಕಾರಣ ತೊಟ್ಟು ಬಿಚ್ಚಿದ ಸ್ವೆಟರನ್ನು ಒಡನೆಯೇ ಕಪಾಟಿಗೆ ಸೇರಿಸದೆ, ರಾತ್ರಿಯಿಡೀ ಗಾಳಿಯಾಡುವ ಕಡೆ ಹರವಿಟ್ಟು, ಮೃದುವಾದ ಬ್ರಶ್ಶಿನಿಂದ ನೂಲಿನ ದಿಕ್ಕಿನಲ್ಲಿ ಒಂದು ಸಲ ಸವರಿದರೆ ವಾಸನೆಯೂ ಧೂಳೂ ಬಹುಮಟ್ಟಿಗೆ ಹೋಗುತ್ತವೆ. ಒಳಗೆ ಹತ್ತಿಯ ಅಂಗಿ ಹಾಕಿಕೊಳ್ಳುವವರಿಗೆ ಒಂದು ಚಳಿಗಾಲಕ್ಕೆ ಎರಡು ಮೂರು ಒಗೆತ ಧಾರಾಳ. ಪ್ರತಿ ವಾರ ಒಗೆಯುವ ಶಿಸ್ತು ಉಣ್ಣೆಯ ಮಟ್ಟಿಗೆ ಶಿಕ್ಷೆಯೇ ಸರಿ.

ಸೋಪಿನ ಆಯ್ಕೆಯಲ್ಲಿ ಆಗುವ ತಪ್ಪು ಕಣ್ಣಿಗೆ ಕಾಣದೆ ಆಗುವಂಥದ್ದು. ದಿನಬಳಕೆಯ ಡಿಟರ್ಜೆಂಟ್ ಪುಡಿಗಳೂ ಬಟ್ಟೆಯ ಸೋಪಿನ ಬಿಲ್ಲೆಗಳೂ ಕ್ಷಾರಗುಣದವು. ಕೆರಾಟಿನ್ ಆಮ್ಲವನ್ನು ಒಂದು ಮಟ್ಟಿಗೆ ಸಹಿಸುವಷ್ಟು ಕ್ಷಾರವನ್ನು ಸಹಿಸದು. ಇದಕ್ಕೂ ಮಿಗಿಲಾಗಿ, ಕಲೆ ತೆಗೆಯುವುದರಲ್ಲಿ ಹೆಸರಾದ ಹಲವು ಪುಡಿಗಳಲ್ಲಿ ಪ್ರೋಟಿಯೇಸ್ ಎಂಬ ಕಿಣ್ವವನ್ನು ಬೆರೆಸಿರುತ್ತಾರೆ. ಹಾಲು, ಮೊಟ್ಟೆ, ರಕ್ತದಂಥ ಪ್ರೋಟೀನಿನ ಕಲೆಗಳನ್ನು ಒಡೆಯುವುದು ಈ ಕಿಣ್ವದ ಕೆಲಸ; ಕಲೆಯ ಪ್ರೋಟೀನು ಯಾವುದು, ಬಟ್ಟೆಯ ಪ್ರೋಟೀನು ಯಾವುದು ಎಂಬ ಭೇದ ಅದಕ್ಕಿಲ್ಲದ ಕಾರಣ ಒಗೆತದಿಂದ ಒಗೆತಕ್ಕೆ ಎಳೆಯೇ ಸವೆಯುತ್ತ ಹೋಗುತ್ತದೆ. ಹೈಪೋಕ್ಲೋರೈಟ್ ಇರುವ ಬ್ಲೀಚ್ ದ್ರವವಂತೂ ಉಣ್ಣೆಯನ್ನು ಹಳದಿಗಟ್ಟಿಸುವುದಷ್ಟೇ ಅಲ್ಲ, ಕರಗಿಸಿಯೇಬಿಡುತ್ತದೆ. ಕ್ಷಾರವೂ ಕಿಣ್ವವೂ ಇಲ್ಲದ, ಉಣ್ಣೆಗೆಂದೇ ತಯಾರಾದ ಈಜಿಯಂಥ ದ್ರವಗಳು ಕಿರಾಣಿ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತವೆ. ಅದಿಲ್ಲದಿದ್ದರೆ ಮಕ್ಕಳ ಶಾಂಪೂ ನಡೆಯುತ್ತದೆ. ಅಂಟುವಾಳದ ಕಾಯಿಯೂ ಯೋಗ್ಯವಾದುದೇ. ಬೀಜ ತೆಗೆದ ಏಳೆಂಟು ಕಾಯಿಗಳ ಸಿಪ್ಪೆಯನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಕಿವುಚಿ, ಬಟ್ಟೆಯಲ್ಲಿ ಸೋಸಿದ ನೀರಿನಲ್ಲಿರುವ ಸಪೋನಿನ್ ಎಂಬ ನೊರೆಯ ಅಂಶ ಕ್ಷಾರವಿಲ್ಲದೆಯೇ ಜಿಡ್ಡನ್ನು ಬಿಡಿಸುತ್ತದೆ. ಸೋಸದೆ ಹಾಗೆಯೇ ಬಳಸಿದರೆ ಸಿಪ್ಪೆಯ ಚೂರುಗಳು ನೂಲಿನಲ್ಲಿ ಸಿಕ್ಕಿಕೊಳ್ಳುತ್ತವೆ, ಬಿಳಿಯ ಉಣ್ಣೆಗೆ ಅದರ ಕಂದು ಛಾಯೆ ಹತ್ತುವುದೂ ಉಂಟು.

ಒಗೆಯುವ ಮುನ್ನ ಉಡುಪನ್ನು ಹಳೆಯ ಪತ್ರಿಕೆಯ ಅಥವಾ ಖಾಕಿ ಕಾಗದದ ಮೇಲೆ ಹರಡಿ, ಪೆನ್ಸಿಲಿನಿಂದ ಅದರ ಅಂಚನ್ನು ಗುರುತುಮಾಡಿಕೊಂಡರೆ ಒಣಗಿಸುವಾಗ ಅಳತೆಗೆ ಆಧಾರ ಸಿಗುತ್ತದೆ. ಗುಂಡಿಗಳನ್ನು ಹಾಕಿ ಉಡುಪನ್ನು ಒಳಮೈ ಹೊರಗಾಗಿ ತಿರುಗಿಸಬೇಕು. ಬಣ್ಣ ಬಿಡುವುದೇ ಎಂದು ತಿಳಿಯಲು ಒಳಮಡಿಕೆಯ ಒಂದು ಮೂಲೆಯನ್ನು ಒದ್ದೆಮಾಡಿ ಬಿಳಿ ಬಟ್ಟೆಯಿಂದ ಒತ್ತಿ ನೋಡಿದರೆ ಸಾಕು. ಒಂದು ಸ್ವೆಟರಿಗೆ ಅರ್ಧ ಬಕೆಟ್ಟಿನಷ್ಟು, ಅಂದರೆ ಎಂಟು ಹತ್ತು ಲೀಟರ್ ನೀರು ಬೇಕು. ಕಡಿಮೆ ನೀರಿನಲ್ಲಿ ಎಳೆಗಳ ಉಜ್ಜಾಟ ಹೆಚ್ಚುತ್ತದೆ. ನೀರಿನ ಶಾಖ 30 ಡಿಗ್ರಿ ಸೆಲ್ಸಿಯಸನ್ನು ಮೀರಬಾರದು. ಇದಕ್ಕೆ ಉಷ್ಣಮಾಪಕ ಬೇಕಾಗಿಲ್ಲ: ಕೈ ಅದ್ದಿದಾಗ ಬೆಚ್ಚಗೂ ಅನಿಸದ, ಕೊರೆಯುವಷ್ಟು ತಣ್ಣಗೂ ಇರದ ನೀರು ಸರಿಯಾದುದು. ಕರ್ನಾಟಕದ ಬಹುಭಾಗದಲ್ಲಿ ಚಳಿಗಾಲದಲ್ಲಿಯೂ ನಲ್ಲಿಯ ನೀರನ್ನು ಹಾಗೆಯೇ ಬಳಸಬಹುದು. ದ್ರವವನ್ನು ಮೊದಲು ನೀರಿಗೆ ಹಾಕಿ ಕಲಕಿ, ಆಮೇಲೆ ಉಡುಪನ್ನು ಮುಳುಗಿಸಿ, ಅಂಗೈಯಿಂದ ಮೆಲ್ಲಗೆ ಕೆಳಕ್ಕೆ ಒತ್ತಿ ಬಿಡುವುದನ್ನು ಹತ್ತಾರು ಬಾರಿ ಮಾಡಿ, ಹತ್ತು ನಿಮಿಷ ಹಾಗೆಯೇ ಬಿಡಬೇಕು. ಕೊಳೆ ತೆಗೆಯುವುದು ನೀರಿನ ಓಡಾಟವೇ ಹೊರತು ಉಜ್ಜಾಟವಲ್ಲ. ಕೊರಳಪಟ್ಟಿ ಮತ್ತು ತೋಳಿನ ತುದಿಯಲ್ಲಿ ಕೊಳೆ ಹೆಚ್ಚಾಗಿದ್ದರೂ ಬ್ರಶ್ ಹಾಕದೆ, ಒಂದು ಹನಿ ದ್ರವವನ್ನು ಬೆರಳ ತುದಿಯಿಂದ ತಟ್ಟಿ ಸೇರಿಸಬೇಕು.

ಜಾಲಿಸುವಾಗ ಉಡುಪಿನ ಮೇಲೆ ನಲ್ಲಿಯ ನೀರನ್ನು ಧಾರೆಯಾಗಿ ಬಿಡದೆ, ಅದನ್ನು ಎರಡೂ ಕೈಗಳಿಂದ ಬುಡದಲ್ಲಿ ಆಧಾರ ಕೊಟ್ಟು ಎತ್ತಿ, ಅಷ್ಟೇ ಶಾಖದ ಹೊಸ ನೀರಿಗೆ ಇಳಿಸಬೇಕು. ಒದ್ದೆಯಾದ ಉಣ್ಣೆ ತನ್ನ ಬಲದಲ್ಲಿ ಒಂದಷ್ಟನ್ನು ಕಳೆದುಕೊಂಡಿರುತ್ತದೆ, ನೀರಿನ ಭಾರವೂ ಅದರಲ್ಲಿ ಸೇರಿರುತ್ತದೆ. ಭುಜ ಹಿಡಿದು ಎತ್ತಿದ ಸ್ವೆಟರು ಅಲ್ಲಿಯೇ ಜೋತುಬಿದ್ದು ಉದ್ದವಾಗುತ್ತದೆ. ನೊರೆ ನಿಲ್ಲುವವರೆಗೆ ಎರಡು ಮೂರು ಸಲ ನೀರು ಬದಲಿಸಿ, ಕೊನೆಯ ನೀರಿಗೆ ಒಂದು ಚಮಚ ಬಿಳಿ ವಿನೆಗರ್ ಬೆರೆಸಿದರೆ ಉಳಿದ ಕ್ಷಾರ ಶಮನವಾಗುತ್ತದೆ. ಕೊಳವೆಬಾವಿಯ ಗಡಸು ನೀರನ್ನೇ ಅವಲಂಬಿಸಿರುವ ಬಯಲುಸೀಮೆಯ ಮನೆಗಳಲ್ಲಿ ಈ ಕ್ರಮ ವಿಶೇಷವಾಗಿ ಉಪಯುಕ್ತ. ನೀರಿನ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಸೋಪಿನೊಂದಿಗೆ ಸೇರಿ ಎಳೆಗಳ ಮೇಲೆ ಕೂರಿಸುವ ಬಿಳಿಯ ಪದರ ಉಣ್ಣೆಯ ಮೃದುತ್ವವನ್ನು ಕೆಡಿಸುತ್ತದೆ.

ವಾಷಿಂಗ್ ಮೆಷೀನಿನಲ್ಲಿ ಉಣ್ಣೆಗೆಂದೇ ಪ್ರತ್ಯೇಕ ಕ್ರಮವಿದ್ದರೆ, ಚೀಟಿಯೂ ಒಪ್ಪಿದರೆ, ಉಡುಪನ್ನು ಬಲೆಯ ಚೀಲದಲ್ಲಿ ಹಾಕಿ ಒಗೆಯಬಹುದು. ವಿದೇಶಗಳಲ್ಲಿ ನೆಲೆಸಿದ ಕನ್ನಡಿಗರು ಬಳಸುವ ಮುಂಬಾಗಿಲಿನ ಯಂತ್ರಗಳಲ್ಲಿ ಈ ಕ್ರಮ ಸಾಮಾನ್ಯ. ಪರೆಗಳನ್ನು ಕ್ಲೋರಿನ್ನಿನಿಂದ ಭಾಗಶಃ ಸವೆಸಿ, ರಾಳದ ತೆಳುಲೇಪ ಕೊಟ್ಟ ಸೂಪರ್‌ವಾಶ್ ಉಣ್ಣೆಯಲ್ಲಿ ಎಳೆಗಳು ತೊಡರಿಕೊಳ್ಳದ ಕಾರಣ ಅದು ಯಂತ್ರವನ್ನು ತಾಳಿಕೊಳ್ಳುತ್ತದೆ. ಮಧ್ಯಮ ವರ್ಗದ ಮನೆಗಳಲ್ಲಿ ಇನ್ನೂ ಚಾಲ್ತಿಯಲ್ಲಿರುವ ಸೆಮಿ ಆಟೊಮ್ಯಾಟಿಕ್ ಯಂತ್ರದ ಒಗೆಯುವ ತೊಟ್ಟಿಗೆ ಮಾತ್ರ ಉಣ್ಣೆಯನ್ನು ಹಾಕಲೇಬಾರದು. ಅದರ ಡ್ರೈಯರಿನಲ್ಲಿ ಟವೆಲಿನೊಳಗೆ ಸುತ್ತಿದ ಸ್ವೆಟರನ್ನು ಅರ್ಧ ನಿಮಿಷ ತಿರುಗಿಸಿದರೆ ತೊಂದರೆಯಿಲ್ಲ, ಏಕೆಂದರೆ ತಿರುಗುವಾಗ ಬಟ್ಟೆ ಗೋಡೆಗೆ ಅಂಟಿ ನಿಲ್ಲುತ್ತದೆ, ಒಂದಕ್ಕೊಂದು ಉಜ್ಜಿಕೊಳ್ಳುವುದಿಲ್ಲ. ಬಿಸಿಗಾಳಿಯಲ್ಲಿ ಹೊರಳಿಸಿ ಒಣಗಿಸುವ ಯಂತ್ರ ಇದಕ್ಕೆ ತದ್ವಿರುದ್ಧ.

ಡ್ರೈಯರ್ ಇಲ್ಲದವರು ಉಡುಪನ್ನು ಹಿಂಡದೆ, ಒಣಗಿದ ದಪ್ಪ ಟವೆಲಿನ ಮೇಲೆ ಹರಡಿ, ಟವೆಲಿನ ಸಮೇತ ಚಾಪೆಯಂತೆ ಸುರುಳಿ ಸುತ್ತಿ, ಅಂಗೈಯಿಂದ ಅಲ್ಲಲ್ಲಿ ಒತ್ತಿದರೆ ಹೆಚ್ಚಿನ ನೀರು ಟವೆಲಿಗೆ ಇಳಿಯುತ್ತದೆ. ಆಮೇಲೆ ಮೊದಲು ಗುರುತುಮಾಡಿಕೊಂಡ ಅಳತೆಗೆ ಮೆಲ್ಲಗೆ ಎಳೆದು ಕೂಡಿಸಿ, ಒಣ ಟವೆಲಿನ ಮೇಲೋ, ಕುರ್ಚಿಗಳ ನಡುವೆ ಇಟ್ಟ ಜಾಳಿಗೆಯ ಮೇಲೋ ನೆರಳಿನಲ್ಲಿ ಹರಡಬೇಕು. ನೇರ ಬಿಸಿಲು ಬಿಳಿಯ ಉಣ್ಣೆಯನ್ನು ಹಳದಿಗಟ್ಟಿಸುತ್ತದೆ, ಬಣ್ಣದ ಉಣ್ಣೆಯನ್ನು ಮಾಸಿಸುತ್ತದೆ. ಮಳೆಗಾಲದ ಮಲೆನಾಡಿನಲ್ಲಿ ಉಣ್ಣೆ ಒಣಗುವುದಕ್ಕೆ ಎರಡು ಮೂರು ದಿನ ಹಿಡಿಯುವುದರಿಂದ, ಅಲ್ಲಿ ಈ ಕೆಲಸವನ್ನು ಮಳೆ ಶುರುವಾಗುವ ಮೊದಲೇ ಮುಗಿಸುವುದು ಜಾಣತನ. ಇಸ್ತ್ರಿ ಬೇಕಾದರೆ ಪೆಟ್ಟಿಗೆಯನ್ನು ಎರಡು ಚುಕ್ಕೆಯ ಶಾಖಕ್ಕಿಂತ ಮೇಲೆ ಒಯ್ಯದೆ, ನಡುವೆ ಒದ್ದೆ ಹತ್ತಿಬಟ್ಟೆ ಹಾಸಿ, ಎಳೆಯದೆ ಒತ್ತಿ ಎತ್ತಬೇಕು.

ಅಡುಗೆಯ ಕಲೆಗಳಲ್ಲಿ ಅರಿಶಿನದ್ದು ಹೆಚ್ಚು ಮೊಂಡು. ಕ್ಷಾರದ ಸೋಪು ತಾಗಿದರೆ ಅದು ಕೆಂಪಗಾಗಿ ಇನ್ನಷ್ಟು ಎದ್ದುಕಾಣುತ್ತದೆ. ಉಣ್ಣೆಗೆ ಯೋಗ್ಯವಾದ ದ್ರವದಲ್ಲಿ ಒಗೆದ ಮೇಲೆಯೂ ಉಳಿದ ಹಳದಿಯನ್ನು, ಅರಿಶಿನದ ಬಣ್ಣ ಬೆಳಕಿಗೆ ತಾಳುವುದಿಲ್ಲವಾದುದರಿಂದ, ಆ ಭಾಗವನ್ನಷ್ಟೇ ಎಳೆಬಿಸಿಲಿಗೆ ಅರ್ಧ ಗಂಟೆ ಒಡ್ಡಿ ಇಳಿಸಬಹುದು. ಬಿಸಿಲು ಬೇಡವೆಂಬ ನಿಯಮಕ್ಕೆ ಇದೊಂದೇ ವಿನಾಯಿತಿ. ಎಣ್ಣೆ ಬಿದ್ದರೆ ಉಜ್ಜದೆ ಒತ್ತಿ ತೆಗೆದು, ಟಾಲ್ಕಂ ಪೌಡರ್ ಉದುರಿಸಿ, ಮಾರನೆಯ ದಿನ ಕೊಡವಬೇಕು. ಕಂಕುಳು ಮತ್ತು ಪಕ್ಕೆಗಳಲ್ಲಿ ಏಳುವ ಸಣ್ಣ ಉಂಡೆಗಳು ಗಿಡ್ಡ ಎಳೆಗಳು ಉಜ್ಜಿಕೊಂಡು ಹೊರಬಂದು ಸುತ್ತಿಕೊಳ್ಳುವುದರಿಂದ ಆದವು. ಅವು ಕಳಪೆ ಮಾಲಿನ ಗುರುತೆಂಬ ನಂಬಿಕೆ ಪೂರ್ತಿ ನಿಜವಲ್ಲ, ಒಳ್ಳೆಯ ಕ್ಯಾಶ್ಮೀರಿನಲ್ಲಿಯೂ ಮೊದಲ ಕೆಲವು ತಿಂಗಳು ಅವು ಏಳುತ್ತವೆ. ಕೈಯಿಂದ ಕಿತ್ತರೆ ಇನ್ನಷ್ಟು ಎಳೆಗಳು ಹೊರಬರುವುದರಿಂದ, ಹರಡಿದ ಬಟ್ಟೆಯ ಮೇಲೆ ಸಣ್ಣ ಹಲ್ಲಿನ ಬಾಚಣಿಗೆಯನ್ನು ಒಂದೇ ದಿಕ್ಕಿನಲ್ಲಿ ಆಡಿಸಿ ತೆಗೆಯುವುದು ಒಳ್ಳೆಯದು.

ಕುಗ್ಗಿಹೋದ ಸ್ವೆಟರನ್ನು ತಲೆಗೂದಲಿನ ಕಂಡಿಷನರ್ ಬೆರೆಸಿದ ನೀರಿನಲ್ಲಿ ನೆನೆಸಿ ಎಳೆದರೆ ಮೊದಲಿನಂತಾಗುತ್ತದೆಂಬ ಸಲಹೆ ಬಹಳ ಪ್ರಚಾರದಲ್ಲಿದೆ. ಕಂಡಿಷನರ್ ಎಳೆಗಳಿಗೆ ಜಾರುವ ಗುಣ ಕೊಡುವುದರಿಂದ ಅಲ್ಪಸ್ವಲ್ಪ ಕುಗ್ಗಿದ ಉಡುಪು ಒಂದೆರಡು ಬೆರಳಗಲ ಹಿಗ್ಗುವುದು ಸಾಧ್ಯ. ಹೆಣಿಗೆಯ ಕಣ್ಣುಗಳೇ ಕಾಣದಷ್ಟು ಬಿಗಿದುಕೊಂಡ ಬಟ್ಟೆಯನ್ನು ಯಾವ ಮದ್ದೂ ಬಿಡಿಸದು.

ಚಳಿಗಾಲ ಮುಗಿದ ಮೇಲೆ ಉಣ್ಣೆಗೆ ಎದುರಾಗುವ ಶತ್ರು ಬಟ್ಟೆನುಸಿ. ಹಾರಾಡುವ ಪತಂಗ ಬಟ್ಟೆಯನ್ನು ತಿನ್ನುವುದಿಲ್ಲ, ಕತ್ತಲೆಯ ಮಡಿಕೆಗಳಲ್ಲಿ ಅದು ಇಟ್ಟ ಮೊಟ್ಟೆಯಿಂದ ಹೊರಬಂದ ಮರಿಹುಳು ತಿನ್ನುತ್ತದೆ. ಕೆರಾಟಿನನ್ನು ಜೀರ್ಣಿಸಿಕೊಳ್ಳಬಲ್ಲ ಕೆಲವೇ ಜೀವಿಗಳಲ್ಲಿ ಅದೂ ಒಂದು. ಬೆವರು ಮತ್ತು ಆಹಾರದ ಕಲೆಯಿರುವ ಜಾಗಗಳನ್ನೇ ಹುಳು ಹೆಚ್ಚಾಗಿ ಹಿಡಿಯುವುದರಿಂದ ಒಗೆದು ಪೂರ್ತಿ ಒಣಗಿಸಿದ ಉಡುಪನ್ನು ಮಾತ್ರ ಒಳಗಿಡಬೇಕು. ತೂಗುಹಾಕದೆ ಮಡಿಸಿ, ಹಳೆಯ ಪಂಚೆಯಲ್ಲಿ ಸುತ್ತಿ, ತಿಂಗಳಿಗೊಮ್ಮೆ ತೆಗೆದು ಕೊಡವಿದರೆ ಮೊಟ್ಟೆಗಳು ಉದುರುತ್ತವೆ, ಬೂಷ್ಟು ಹಿಡಿಯುವುದೂ ತಪ್ಪುತ್ತದೆ. ಬೇವಿನ ಎಲೆ, ಲವಂಗ, ಲ್ಯಾವೆಂಡರುಗಳ ವಾಸನೆ ಪತಂಗವನ್ನು ಸ್ವಲ್ಪ ದೂರವಿಡಬಹುದು, ಬಟ್ಟೆಯೊಳಗಿರುವ ಹುಳುವನ್ನು ಕೊಲ್ಲಲಾರದು. ಹುಳು ಬಿದ್ದಿರುವ ಅನುಮಾನವಿದ್ದರೆ ಉಡುಪನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ, ಮೈನಸ್ 18 ಡಿಗ್ರಿಯ ಡೀಪ್ ಫ್ರೀಜರಿನಲ್ಲಿ ಎರಡು ವಾರ ಇಟ್ಟು, ಹೊರತೆಗೆದ ಮೇಲೆ ಕೋಣೆಯ ಶಾಖಕ್ಕೆ ಬರುವವರೆಗೆ ಚೀಲವನ್ನು ಬಿಚ್ಚದಿರುವುದು ರಾಸಾಯನಿಕವಿಲ್ಲದ ಉಪಾಯ.

ಡಾಂಬರ್ ಗುಳಿಗೆ ಎಂದು ಕರೆಯುವ ನ್ಯಾಫ್ತಲೀನಿನ ಗುಳಿಗೆಗಳು ಮುಚ್ಚಿದ ಪೆಟ್ಟಿಗೆಯಲ್ಲಿ ಪರಿಣಾಮಕಾರಿಯೇ ಆದರೂ ಅವುಗಳ ಆವಿ ಉಣ್ಣೆಯಲ್ಲಿ ಬಹಳ ಕಾಲ ಉಳಿಯುತ್ತದೆ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುವ ಶಿಶುಗಳಲ್ಲಿ ಈ ಆವಿ ಕೆಂಪು ರಕ್ತಕಣಗಳನ್ನು ಒಡೆದು ತೀವ್ರವಾದ ಕಾಮಾಲೆಗೂ ರಕ್ತಹೀನತೆಗೂ ಕಾರಣವಾಗಬಲ್ಲದು, ಮತ್ತು ಆ ಕೊರತೆ ಇದೆಯೆಂಬುದು ಬಹಳಷ್ಟು ಮನೆಗಳಲ್ಲಿ ಮೊದಲೇ ತಿಳಿದಿರುವುದಿಲ್ಲ. ಆದ್ದರಿಂದ ಹಸುಗೂಸು ಇರುವ ಮನೆಯವರು, ಬಾಣಂತಿಯ ಶಾಲಾಗಲಿ ಮಗುವಿನ ಟೋಪಿಯಾಗಲಿ, ಗುಳಿಗೆ ಹಾಕಿಟ್ಟ ಪೆಟ್ಟಿಗೆಯಿಂದ ತೆಗೆದುದನ್ನು ನೇರವಾಗಿ ಮಗುವಿಗೆ ತೊಡಿಸಬಾರದು, ಹೊದಿಸಲೂಬಾರದು. ಅಂಥ ಮನೆಗಳಲ್ಲಿ ಗುಳಿಗೆಯನ್ನು ಬಳಸದಿರುವುದೇ ಸರಿ.